ಬೀಗ ಬಿದ್ದ ನೀರು

ಹುಣಸಿಗುಂಡಿಯ ನೀರಗಂಟಿ ಯಮನೂರಪ್ಪ ಸುಳ್ಳು ಬರೆದು ಸಿಕ್ಕಿಬಿದ್ದಾಗ ಅವನನ್ನು ಹಿಡಿದವಳು ನೀಲಾಂಬಿಕಾ. ಅವಳು ಆಗಷ್ಟೇ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಸೇರಿದ್ದಳು. ಊರಿನ ಟ್ಯಾಂಕಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ದಿನಾ ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬುದು ನಿಯಮ. ಹುಣಸಿಗುಂಡಿಯ ಪುಸ್ತಕದಲ್ಲಿ ಹದಿನಾಲ್ಕು ತಿಂಗಳು ದಿನಾಲೂ ಒಂದೇ ಅಂಕಿ ಇತ್ತು. ಫೆಬ್ರುವರಿ ಮೂವತ್ತನೇ ತಾರೀಖಿಗೂ ಇತ್ತು.

"ಫೆಬ್ರುವರಿ ಮೂವತ್ತು ನಿಮ್ಮೂರಾಗ ಯಾವಾಗ ಬಂದಿತ್ರಿ?" ಎಂದು ಅವಳು ಕೇಳಿದ್ದಳು.

ಯಮನೂರಪ್ಪ ಟ್ಯಾಂಕಿನ ಕಟ್ಟೆಯ ಮೇಲೆ ಕೂತವನು ಎದ್ದು ನಿಂತ. ನಲವತ್ತರ ಗಡಿಯ ಆಳು. ಮೊದಲು ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದವನು, ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ಬಂದಿದ್ದ. "ಪರೀಕ್ಷಾ ಮಾಡೂ ಔಷಧ ಮುಗದು ವರ್ಷದ ಮ್ಯಾಲಾತ್ರಿ ಮೇಡಮ್ಮಾರ. ಬರೀಲಿಲ್ಲಂದ್ರ ಬೈತಾರ. ಬರದ್ರ ಯಾರೂ ಏನೂ ಕೇಳೂದಿಲ್ರಿ," ಅಂದ.

ಅವನ ಮೇಲೆ ಅವಳು ವರದಿ ಬರೆಯಲಿಲ್ಲ. ತನ್ನ ಚೀಲದಲ್ಲಿದ್ದ ಔಷಧದ ಬಾಟಲಿ ಕೊಟ್ಟು, ಹನಿ ಹಾಕಿ ಹಳದಿ ಬಣ್ಣ ನೋಡುವುದನ್ನು ತೋರಿಸಿ, "ಇನ್ನ ಮ್ಯಾಲೆ ಕಂಡದ್ದ ಬರೀಬೇಕು. ಕಾಣಲಿಲ್ಲಂದ್ರ ಕಾಣಲಿಲ್ಲ ಅಂತ ಬರೀರಿ," ಅಂದಳು. ಅವನು ಹೂಂ ಅಂದ. ಆಮೇಲೆ ಪ್ರತಿ ವರ್ಷ ಹೋದಾಗಲೂ ಅವಳು ಆ ಪುಸ್ತಕ ತೆಗೆದು ನೋಡುತ್ತಿದ್ದಳು. ಅಂಕಿಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಕೆಲವು ದಿನ "ಜ್ವರ ಬಂದಿತ್ತು, ನೋಡಿಲ್ಲ" ಎಂದು ಬರೆದಿರುತ್ತಿತ್ತು. ಇಡೀ ತಾಲೂಕಿನಲ್ಲಿ ನಂಬಬಹುದಾದ ಪುಸ್ತಕ ಅದೊಂದೇ ಎಂದು ಅವಳು ಸಹೋದ್ಯೋಗಿಗಳ ಮುಂದೆ ಹೇಳುತ್ತಿದ್ದಳು.

ಉಳಿದ ಸಾವಿರಾರು ಪುಸ್ತಕಗಳ ಗತಿಯೇನು ಎಂಬ ಚಿಂತೆ ಮಾತ್ರ ಅವಳನ್ನು ಬಿಡಲಿಲ್ಲ. ಸಣ್ಣ ಊರು, ಒಬ್ಬ ನೀರಗಂಟಿ, ಒಂದು ಕೊಳವೆಬಾವಿ, ಒಂದು ಟ್ಯಾಂಕು. ಪೇಟೆಯ ನೀರಿಗೆ ಇಂಜಿನಿಯರುಗಳಿದ್ದಾರೆ, ಪ್ರಯೋಗಾಲಯವಿದೆ. ಇಂಥ ಊರಿನ ನೀರಿಗೆ ಒಂದು ರೂಲು ಹಾಕಿದ ಪುಸ್ತಕ, ಒಂದು ಪೆನ್ನು. ನೀರೇ ತನ್ನ ಸಾಕ್ಷಿ ತಾನು ಹೇಳುವಂತಾದರೆ ಹೇಗೆ ಎಂದು ಅವಳಿಗೆ ಹೊಳೆದದ್ದು ಆಗ. ಕೆಟ್ಟ ನೀರು ಯಾರನ್ನೂ ಕೇಳದೆ ತನ್ನನ್ನು ತಾನೇ ನಿಲ್ಲಿಸಿಕೊಂಡರೆ?

ಹನ್ನೊಂದು ವರ್ಷದ ಮೇಲೆ ಅದು ನಿಜವಾಯಿತು. ಹೊಸದಾಗಿ ಹುಟ್ಟಿದ ಜಲಸುರಕ್ಷಾ ಪ್ರಾಧಿಕಾರ ಅವಳನ್ನು ಕರೆಸಿಕೊಂಡು, ಅವಳು ರೂಪಿಸಿದ ಯಂತ್ರಕ್ಕೆ ಜಲಸಾಕ್ಷಿ ಎಂದು ಹೆಸರಿಟ್ಟಿತು. ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಉಕ್ಕಿನ ಗುಂಡು. ಟ್ಯಾಂಕಿನಿಂದ ಊರಿಗೆ ನೀರು ಹೊರಡುವ ಕೊಳವೆಯಲ್ಲಿ ಅದನ್ನು ಕೂಡಿಸುತ್ತಿದ್ದರು. ಒಳಗೆ ಸಣ್ಣ ಸಣ್ಣ ಕಿಟಕಿಗಳು. ಒಂದರಲ್ಲಿ ಫ್ಲೋರೈಡನ್ನು ಮಾತ್ರ ಗುರುತಿಸುವ ಹರಳು. ಇನ್ನೊಂದರಲ್ಲಿ ಮಲದ ಬ್ಯಾಕ್ಟೀರಿಯ ತಾಗಿದರೆ ನೀಲಿಯಾಗಿ ಹೊಳೆಯುವ ಅಂಟು. ಮಿಕ್ಕವು ನೈಟ್ರೇಟಿಗೆ, ಆರ್ಸೆನಿಕ್ಕಿಗೆ, ಕ್ಲೋರಿನ್ನಿಗೆ. ಕಾಲು ಗಂಟೆಗೊಮ್ಮೆ ಅದು ನೀರನ್ನು ನೋಡಿ ಅಂಕಿಗಳನ್ನು ಜಿಲ್ಲೆಯ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ಯಾವುದೇ ಅಂಕಿ ಕಾಯ್ದೆಯ ಮಿತಿ ದಾಟಿದರೆ ಅದೇ ಗುಂಡಿನ ಹಿಂದಿದ್ದ ವಾಲ್ವು ಮುಚ್ಚಿಕೊಳ್ಳುತ್ತಿತ್ತು.

ಮೊದಲ ನಕ್ಷೆಯಲ್ಲಿ ಒಂದು ಕೀಲಿಯೂ ಇತ್ತು. ನೀರಗಂಟಿ ಮತ್ತು ಪಂಚಾಯಿತಿಯವರು ಸೇರಿ, ಕಾರಣ ಬರೆದು, ಎರಡು ದಿನದ ಮಟ್ಟಿಗೆ ವಾಲ್ವು ತೆರೆಯಬಹುದು. ನೀಲಾಂಬಿಕಾ ಅದನ್ನು ಸಭೆಯಲ್ಲಿ ಹೊಡೆದುಹಾಕಿಸಿದಳು. "ಕೈ ಇದ್ದಲ್ಲಿ ಸುಳ್ಳು ಇರುತ್ತದೆ. ಕೀಲಿ ಕೊಟ್ಟರೆ ಮೂರನೇ ದಿನ ಎಲ್ಲ ಊರೂ ತೆರೆದೇ ಇರುತ್ತವೆ," ಅಂದಳು. ಯಾರೂ ಎದುರಾಡಲಿಲ್ಲ. ಅವಳ ಅಕ್ಕನ ವಿಷಯ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅಕ್ಕ ಅನ್ನಪೂರ್ಣಾ ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ಇಬ್ಬರೂ ಹುಟ್ಟಿದ ಊರಿನ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ ಮಿತಿಗಿಂತ ನಾಲ್ಕು ಪಟ್ಟು ಇತ್ತು. ನೀಲಾಂಬಿಕಾಳನ್ನು ಏಳನೇ ವರ್ಷಕ್ಕೇ ಓದಲು ಅತ್ತೆಯ ಮನೆಗೆ ಕಳಿಸಿದರು. ಅಕ್ಕ ಅದೇ ನೀರು ಹೊತ್ತಳು, ಅದೇ ನೀರು ಕುಡಿದಳು. ನಲವತ್ತು ತುಂಬುವ ಹೊತ್ತಿಗೆ ಅವಳ ಬೆನ್ನು ಬಾಗಿ, ಕುತ್ತಿಗೆ ತಿರುಗದಂತಾಗಿ, ಯಾರಾದರೂ ಕರೆದರೆ ಇಡೀ ಮೈಯನ್ನೇ ಆ ಕಡೆ ತಿರುಗಿಸಬೇಕಾಗುತ್ತಿತ್ತು. ಈಗ ಅಕ್ಕತಂಗಿಯರಿಬ್ಬರೂ ಜಿಲ್ಲಾ ಕೇಂದ್ರದ ಸಣ್ಣ ಮನೆಯಲ್ಲಿ ಒಟ್ಟಿಗಿದ್ದರು. ದಿನಾ ಬೆಳಿಗ್ಗೆ ಅಕ್ಕನ ಸೀರೆಯ ನಿರಿಗೆ ನೀಲಾಂಬಿಕಾಳೇ ಹಿಡಿಯುತ್ತಿದ್ದಳು.

ಮೊದಲ ಎರಡು ವರ್ಷ ಜಲಸಾಕ್ಷಿ ಒಳ್ಳೆಯದನ್ನೇ ಮಾಡಿತು. ಒಂದು ಊರಿನಲ್ಲಿ ಗಟಾರದ ನೀರು ಕೊಳವೆಗೆ ನುಗ್ಗಿದ ಅರ್ಧ ತಾಸಿನೊಳಗೆ ವಾಲ್ವು ಬಿದ್ದು ಇಡೀ ಊರು ವಾಂತಿಭೇದಿಯಿಂದ ಉಳಿಯಿತು. ಆ ಊರಿನ ಹೆಂಗಸರು ಯಂತ್ರಕ್ಕೆ ಕುಂಕುಮ ಹಚ್ಚಿದ ಫೋಟೋ ನಿಯಂತ್ರಣ ಕೊಠಡಿಯ ಗೋಡೆಯಲ್ಲಿತ್ತು. ಅದರ ಪಕ್ಕದ ದೊಡ್ಡ ಪರದೆಯಲ್ಲಿ ಜಿಲ್ಲೆಯ ಒಂದೊಂದು ಊರಿಗೂ ಒಂದೊಂದು ಚುಕ್ಕೆ. ಕೆಟ್ಟ ನೀರು ಹರಿಯುತ್ತಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ವಾಲ್ವು ಬಿದ್ದ ಕೂಡಲೇ ಕೆಟ್ಟ ನೀರು ಹರಿಯುವುದು ನಿಲ್ಲುತ್ತದಲ್ಲ, ಹಾಗಾಗಿ ಬೀಗ ಬಿದ್ದ ಊರಿನ ಚುಕ್ಕೆಯೂ ಹಸಿರೇ ಆಗುತ್ತಿತ್ತು. ಅದರಲ್ಲಿ ತಪ್ಪೇನೂ ಆಗ ಯಾರಿಗೂ ಕಾಣಲಿಲ್ಲ.

ಮೂರನೆಯ ಬೇಸಿಗೆ, ಏಪ್ರಿಲ್ ಮೊದಲ ವಾರ, ಬೆಳಿಗ್ಗೆ ಹೆಂಗಸರು ನಲ್ಲಿಗೆ ಕೊಡ ಹಚ್ಚಿ ನಿಂತಿದ್ದಾಗ ಹುಣಸಿಗುಂಡಿಯ ನೀರು ನಿಂತಿತು.

ಕಾರಣ ಸಣ್ಣದು. ಹುಣಸಿಗುಂಡಿ ಕಲ್ಲುಬಂಡೆಯ ಮೇಲೆ ಕೂತ ಊರು. ಬೇಸಿಗೆಯಲ್ಲಿ ಅಂತರ್ಜಲ ಕೆಳಗಿಳಿದಂತೆ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಹೆಚ್ಚು ಇಳಿಯುತ್ತದೆ. ಅದನ್ನು ಹೀರಿಕೊಳ್ಳಲೆಂದು ಟ್ಯಾಂಕಿನ ಬುಡದಲ್ಲಿ ಬಿಳಿ ಹರಳು ತುಂಬಿದ ಒಂದು ಫಿಲ್ಟರ್ ಇತ್ತು. ಆ ಹರಳಿನ ಶಕ್ತಿ ಮುಗಿದಿತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮಿತಿ. ಅಂದು ಬೆಳಿಗ್ಗೆ ಬಂದ ಅಂಕಿ ಒಂದು ದಶಾಂಶ ಆರು.

ಮೂರನೇ ದಿನ ಯಮನೂರಪ್ಪ ನಿಯಂತ್ರಣ ಕೊಠಡಿಗೆ ಫೋನ್ ಮಾಡಿದ. ಪರದೆ ನೋಡಿಕೊಳ್ಳುವ ಇರ್ಫಾನ್ ಎಂಬ ಇಂಜಿನಿಯರ್ ಫೋನನ್ನು ನೀಲಾಂಬಿಕಾಳಿಗೆ ಕೊಟ್ಟ.

"ಮೇಡಮ್ಮಾರ, ಫಿಲ್ಟರಿನ ಹಳ್ಳು ಬದಲಿ ಮಾಡವ್ರು ಯಾವಾಗ ಬರ್ತಾರ್ರಿ?"

"ಪಟ್ಟಿಯೊಳಗ ಹಾಕೇವ್ರಿ ಯಮನೂರಪ್ಪ. ಒಂದ ತಂಡ ಐತಿ. ನಿಮಗಿಂತ ಮೊದಲ ಮೂವತ್ತಾರು ಊರು ಅದಾವು."

"ಟ್ಯಾಂಕರ್ ಆದ್ರೂ ಕಳಸ್ತೀರೇನ್ರಿ?"

ಅವಳು ಇರ್ಫಾನ್ ಕಡೆ ನೋಡಿದಳು. ಅವನು ತಲೆ ಅಲ್ಲಾಡಿಸಿದ. ಹೊಸ ನಿಯಮದ ಪ್ರಕಾರ ಟ್ಯಾಂಕರ್ ಲಾರಿಯೂ ಒಂದು ನೀರು ಸರಬರಾಜು ವ್ಯವಸ್ಥೆಯೇ. ಅದಕ್ಕೂ ಜಲಸಾಕ್ಷಿ ಕೂಡಿಸಿ ಪ್ರಮಾಣಪತ್ರ ಪಡೆದ ಮೇಲೇ ಊರಿಗೆ ಬಿಡಬೇಕು. ಜಿಲ್ಲೆಯಲ್ಲಿ ಅಂಥ ಲಾರಿಗಳಿದ್ದದ್ದು ನಾಲ್ಕು.

"ಬರ್ತಾವು. ಸ್ವಲ್ಪ ತಡೀರಿ," ಅಂದಳು.

"ತಡೀತೀವ್ರಿ," ಅಂದು ಅವನು ಫೋನ್ ಇಟ್ಟ.

ಬೇಸಿಗೆಯಲ್ಲಿ ನೀರಿಲ್ಲದೆ ಒಂದು ಊರು ಎಷ್ಟು ದಿನ ತಡೆಯಬಲ್ಲದು? ಎರಡು ದಿನ ಜನ ಮನೆಯ ಹಂಡೆಯಲ್ಲಿದ್ದುದನ್ನು ಕುಡಿದರು. ಗಾಡಿ ಇದ್ದವರು ಹನ್ನೆರಡು ಕಿಲೋಮೀಟರು ದೂರದ ಪೇಟೆಯಿಂದ ಕ್ಯಾನು ತಂದರು. ಆದರೆ ಹುಣಸಿಗುಂಡಿಯ ಬಹುಪಾಲು ಮನೆಗಳವರು ಕಲ್ಲು ಒಡೆಯುವವರು, ಬೆಳಗಾದರೆ ಕೆಲಸಕ್ಕೆ ಹೋಗುವವರು. ಊರ ಪಕ್ಕದಲ್ಲೇ ಹಳೆಯ ಕ್ವಾರಿಯ ಗುಂಡಿಯಿತ್ತು. ಕಲ್ಲು ತೆಗೆದು ಬಿಟ್ಟಲ್ಲಿ ವರ್ಷಗಳ ಮಳೆನೀರು ತುಂಬಿ, ತಳದ ಬಂಡೆ ಕಾಣುವಷ್ಟು ತಿಳಿಯಾಗಿ ನಿಂತಿತ್ತು. ನಾಲ್ಕನೇ ದಿನ ಯಾರೋ ಒಬ್ಬರು ಅಲ್ಲಿ ಕೊಡ ಮುಳುಗಿಸಿದರು. ಕುಡಿದವರು ಬೋರಿನ ನೀರಿಗಿಂತ ಇದೇ ಸಿಹಿ ಅಂದರು. ಅದು ಸುಳ್ಳೂ ಆಗಿರಲಿಲ್ಲ. ಆ ನೀರಿನಲ್ಲಿ ಫ್ಲೋರೈಡ್ ಇರಲೇ ಇಲ್ಲ.

ಗುಂಡಿಯ ಮೇಲಿನ ದಂಡೆಯಲ್ಲಿ ಇಪ್ಪತ್ತೆರಡು ಮನೆಗಳ ಪಾಯಖಾನೆಯ ಗುಂಡಿಗಳಿದ್ದವು. ಬಂಡೆಯ ಬಿರುಕುಗಳಲ್ಲಿ ಹಾದು ಅಲ್ಲಿನ ನೀರು ಎಲ್ಲಿಗೆ ಇಳಿಯುತ್ತಿತ್ತೆಂದು ಯಾರೂ ಯೋಚಿಸಿರಲಿಲ್ಲ. ಅಲ್ಲಿ ಯಂತ್ರವೂ ಇರಲಿಲ್ಲ. ಕ್ವಾರಿಯ ಗುಂಡಿ ಯಾವ ಇಲಾಖೆಯ ಪಟ್ಟಿಯಲ್ಲೂ ಕುಡಿಯುವ ನೀರಿನ ಮೂಲವಾಗಿರಲಿಲ್ಲ.

ಯಮನೂರಪ್ಪನ ಮಗಳು ಹುಲಿಗೆಮ್ಮ ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಆರು ತಿಂಗಳು ತುಂಬಿತ್ತು. ಅವಳಿಗಾಗಿ ಅಪ್ಪ ಸೈಕಲ್ಲಿನಲ್ಲಿ ಪೇಟೆಗೆ ಹೋಗಿ ಕ್ಯಾನು ತರುತ್ತಿದ್ದ. ಒಂದು ವಾರವಾದ ಮೇಲೆ ಸೈಕಲ್ ತುಳಿದು ಮೊಣಕಾಲು ಬಾತುಕೊಂಡಿತು. ಆಮೇಲೆ ತಾಯಿ ಗಾಳೆಮ್ಮ ಕ್ವಾರಿಯ ನೀರು ತಂದು ಒಲೆಯ ಮೇಲೆ ಕುದಿಸಿ ಆರಿಸಿ ಮಗಳಿಗೆ ಕೊಟ್ಟಳು.

"ಯವ್ವಾ, ಈ ನೀರು ಹೊಗಿ ವಾಸನಿ ಬರ್ತೈತಿ. ಬಿಸಲಾಗ ಬಾಯಿಗೆ ಹತ್ತಂಗಿಲ್ಲ," ಅನ್ನುತ್ತಿದ್ದಳು ಹುಲಿಗೆಮ್ಮ.

"ಹತ್ತಲಿಲ್ಲಂದ್ರೂ ಕುಡಿ. ಆಶಾ ಕಾರ್ಯಕರ್ತಿ ರಜಿಯಾ ಹೇಳಿ ಹೋಗ್ಯಾಳ, ಕುದಿಸಿದ್ದ ಕುಡೀಬೇಕಂತ."

ಹೂಂ ಅನ್ನುತ್ತಿದ್ದಳು. ನಡುಮಧ್ಯಾಹ್ನ ಅವ್ವ ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಮಣ್ಣಿನ ಗಡಿಗೆಯಲ್ಲಿನ ಕುದಿಸದ ತಣ್ಣೀರು ಕುಡಿದು ಬರುತ್ತಿದ್ದಳು. ಅದು ಅಪ್ಪ ಅವ್ವನಿಗೆ ಗೊತ್ತಾದದ್ದು ಬಹಳ ಆಮೇಲೆ.

ಹತ್ತು ದಿನವಾದ ಮೇಲೆ ಊರಿನ ಗಂಡಸರು ಟ್ಯಾಂಕಿನ ಹತ್ತಿರ ಸೇರಿದರು. ಟ್ಯಾಂಕಿನಲ್ಲಿ, ಬೀಗ ಬಿದ್ದ ಕೊಳವೆಯ ಹೊರತು ಬೇರೆ ದಾರಿಯಿಲ್ಲದೆ, ಐವತ್ತು ಸಾವಿರ ಲೀಟರು ನೀರು ತುಂಬಿ ನಿಂತಿತ್ತು. ಅದನ್ನು ನೋಡುತ್ತ ಬಾಯಾರಿ ಕೂರುವುದು ಅವರಿಗೆ ಹುಚ್ಚುತನವಾಗಿ ಕಂಡಿತು.

"ಹಾರಿಕೋಲು ಕೊಡೋ ಯಮನೂರ. ಎರಡ ಏಟಿಗೆ ಆ ಗುಂಡು ಕಿತ್ತು ಒಗದಬಿಡ್ತೀವಿ. ಕಲ್ಲ ಒಡಿಯವ್ರಿಗೆ ಅದೇನ್ ದೊಡ್ಡದು?"

ಯಮನೂರಪ್ಪ ವಾಲ್ವಿನ ಗುಂಡಿಯ ಮುಂದೆ ಕೂತುಬಿಟ್ಟ. "ಒಮ್ಮೆ ನಾ ಸುಳ್ಳ ಬರದಿದ್ದೆ. ಆ ಯಮ್ಮ ನನ್ನ ಹಿಡದ್ಲು, ನೌಕರಿನೂ ಉಳಿಸಿದ್ಲು. ಆಕಿ ಮಾಡಿದ ಯಂತ್ರ ಇದು. ಕೆಟ್ಟದ್ದಕ್ಕ ಮಾಡಿರಂಗಿಲ್ಲ. ಇನ್ನೊಂದು ನಾಕ್ ದಿನ ತಡೀರಪಾ," ಅಂದ. ಅವನ ಮುಖ ನೋಡಿ ಜನ ಹಿಂದಕ್ಕೆ ಹೋದರು.

ಅವನು ಎರಡನೇ ಸಲ ಫೋನ್ ಮಾಡಿದ್ದು ಹದಿನಾರನೇ ದಿನ, ಮಧ್ಯಾಹ್ನ ಊಟದ ಹೊತ್ತು.

"ಜನಾ ಕ್ವಾರಿ ನೀರು ಕುಡ್ಯಾಕ ಹತ್ಯಾರ್ರಿ ಮೇಡಮ್ಮಾರ. ದಿನಕ್ಕ ಒಂದ ತಾಸು ಬಿಡ್ರಿ. ಬರೇ ಕುಡಿಯಾಕ. ನಾ ನಿಂತು ಮನಿಗೆ ಎರಡ ಕೊಡ ಅಳದು ಕೊಡ್ತೀನಿ."

ನೀಲಾಂಬಿಕಾ ಪರದೆಯಲ್ಲಿ ಹುಣಸಿಗುಂಡಿಯ ಚುಕ್ಕೆ ಒತ್ತಿದಳು. ಒಂದು ದಶಾಂಶ ಏಳು. "ಮಿತಿಗಿಂತ ಹೆಚ್ಚೈತಿ ಯಮನೂರಪ್ಪ. ಕಾಯ್ದೆ ಬಿಡಂಗಿಲ್ಲ. ಕ್ವಾರಿ ನೀರ ಕಾಸಿ ಕುಡಿಯಾಕ ಹೇಳ್ರಿ. ನಾನು ಟ್ಯಾಂಕರಿಗೆ ಮತ್ತ ಬರೀತೀನಿ."

ಯಮನೂರಪ್ಪ ಮತ್ತೆ ಕೇಳಿದ. "ಹೆಚ್ಚಂದ್ರ ಭಾಳ ಹೆಚ್ಚೇನ್ರಿ?"

"ಹೆಚ್ಚಂದ್ರ ಹೆಚ್ಚ," ಅಂದಳು ಅವಳು.

ಫೋನ್ ಇಟ್ಟ ಮೇಲೆ ಅವಳು ಬಹಳ ಹೊತ್ತು ಆ ಚುಕ್ಕೆಯನ್ನೇ ನೋಡುತ್ತ ಕೂತಳು. ಯಂತ್ರ ರಿಪೇರಿ ಮಾಡುವವರಿಗಾಗಿ ಒಂದು ಆಜ್ಞೆ ಇತ್ತು. ಅದನ್ನು ಕೊಟ್ಟರೆ ಯಾವ ಊರಿನ ವಾಲ್ವಾದರೂ ಆರು ತಾಸು ತೆರೆದಿರುತ್ತದೆ. ಅದರ ಗುಪ್ತಪದ ಅವಳ ಬಳಿಯಿತ್ತು. ಅವಳ ಬೆರಳು ಕೀಲಿಮಣೆಯವರೆಗೆ ಹೋಯಿತು. ಇಂದು ಹುಣಸಿಗುಂಡಿಗೆ ತೆರೆದರೆ ನಾಳೆ ಬೀಗ ಬಿದ್ದ ಉಳಿದ ಊರುಗಳೂ ಕೇಳುತ್ತವೆ. ಅವುಗಳಲ್ಲಿ ನಿಜವಾಗಿ ಗಟಾರ ಸೇರಿದ ಊರುಗಳೂ ಇದ್ದವು. ಬೆಳಿಗ್ಗೆ ನಿರಿಗೆ ಹಿಡಿಯುವಾಗ ಕೈಗೆ ತಾಗಿದ ಅಕ್ಕನ ಬೆನ್ನುಮೂಳೆ ನೆನಪಾಯಿತು. ಅವಳು ಕೈ ಹಿಂದೆ ತೆಗೆದುಕೊಂಡು ಟ್ಯಾಂಕರಿಗೆ ಮೂರನೇ ಪತ್ರ ಬರೆದಳು. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಸಂಜೆಯೊಳಗೇ ಬಂತು.

ಇಪ್ಪತ್ತೊಂದನೇ ದಿನ ಟ್ಯಾಂಕರ್ ಬಂತು. ಮತ್ತೆ ಮೂರು ದಿನಕ್ಕೊಮ್ಮೆ ಬಂತು. ಒಂದು ಸಾವಿರ ಜನರ ಊರಿಗೆ ಅದು ಸಾಲಲಿಲ್ಲ. ಅಷ್ಟರಲ್ಲಿ ಕ್ವಾರಿಯ ದಾರಿ ಸವೆದು ಹೋಗಿತ್ತು.

ಮೇ ಎರಡನೇ ವಾರದಲ್ಲಿ ಆಶಾ ಕಾರ್ಯಕರ್ತೆ ರಜಿಯಾ ಒಂದೇ ಓಣಿಯಲ್ಲಿ ನಾಲ್ಕು ಜನರ ಕಣ್ಣು ಹಳದಿಯಾದದ್ದನ್ನು ಕಂಡಳು. ಮರುದಿನ ಒಂಬತ್ತು. ವಾರದೊಳಗೆ ಇಪ್ಪತ್ತಾರು. ಕಲುಷಿತ ನೀರಿನಿಂದ ಹರಡುವ ಕಾಮಾಲೆ ಅದು. ಆ ವೈರಸ್ಸು ಮೈಯೊಳಗೆ ಸೇರಿ ನಾಲ್ಕೈದು ವಾರ ಸದ್ದಿಲ್ಲದೆ ಇದ್ದು ಆಮೇಲೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರು ತಿಂಗಳೊಪ್ಪತ್ತು ಸುಸ್ತಾಗಿ ಮಲಗಿ ಎದ್ದುಬಿಡುತ್ತಾರೆ. ತುಂಬು ಬಸುರಿಯರಿಗೆ ಮಾತ್ರ ಅದು ಯಮ. ಏನೂ ಆಗದೆ ಓಡಾಡುತ್ತಿದ್ದವಳ ಯಕೃತ್ತು ನಾಲ್ಕು ದಿನದಲ್ಲಿ ಕೈಬಿಡುತ್ತದೆ.

ನಿಯಂತ್ರಣ ಕೊಠಡಿಗೆ ಆರೋಗ್ಯ ಇಲಾಖೆಯ ಪಟ್ಟಿ ಬಂದದ್ದು ನಲವತ್ತನೇ ದಿನ. ಇರ್ಫಾನ್ ಅದನ್ನು ಎರಡು ಸಲ ಓದಿದ.

"ಮೇಡಂ, ಇದು ತಪ್ಪಿರಬೇಕು. ಹುಣಸಿಗುಂಡಿ ನಲವತ್ತು ದಿನದಿಂದ ಹಸಿರು ಇದೆ. ನಮ್ಮ ಕೊಳವೆಯಿಂದ ಒಂದು ಹನಿ ಕೆಟ್ಟ ನೀರು ಹೋಗಿಲ್ಲ."

ನೀಲಾಂಬಿಕಾ ಪಟ್ಟಿ ತೆಗೆದುಕೊಂಡಳು. ಕೊನೆಯ ಹೆಸರಿನ ಮುಂದೆ ವಯಸ್ಸು ಇಪ್ಪತ್ತೆರಡು, ತಂದೆ ಯಮನೂರಪ್ಪ, ಏಳೂವರೆ ತಿಂಗಳ ಗರ್ಭಿಣಿ, ಜಿಲ್ಲಾ ಆಸ್ಪತ್ರೆ ಎಂದಿತ್ತು.

ಆಸ್ಪತ್ರೆಗೆ ಅವಳು ಹೋದಾಗ ಮಧ್ಯಾಹ್ನ ಮೂರು ಗಂಟೆ. ಗಾಳೆಮ್ಮ ವಾರ್ಡಿನ ಬಾಗಿಲಲ್ಲಿ ನೆಲದ ಮೇಲೆ ಕೂತಿದ್ದಳು. ಯಮನೂರಪ್ಪ ನೀಲಾಂಬಿಕಾಳನ್ನು ಕಂಡು ಎದ್ದು ನಿಂತ, ಮೊದಲ ಸಲ ಟ್ಯಾಂಕಿನ ಕಟ್ಟೆಯಿಂದ ಎದ್ದ ಹಾಗೆಯೇ.

"ನೀವ್ಯಾಕ ಬರಾಕ ಹೋದ್ರಿ ಮೇಡಮ್ಮಾರ," ಅಂದ.

ಹುಲಿಗೆಮ್ಮನಿಗೆ ಎಚ್ಚರವಿರಲಿಲ್ಲ. ರೆಪ್ಪೆಯ ಸಂದಿಯಲ್ಲಿ ಕಣ್ಣಿನ ಬಿಳಿ ಭಾಗ ಅರಿಶಿನದ ಬಣ್ಣವಾಗಿ ಕಾಣುತ್ತಿತ್ತು. ಕೈಯಲ್ಲಿ ಸೀಮಂತದ ಹಸಿರು ಬಳೆಗಳಿದ್ದವು. ಸಲೈನಿನ ನಳಿಗೆ ಚುಚ್ಚಲು ಅಡ್ಡಬಂದವೆಂದು ಒಂದು ಕೈಯವನ್ನು ಮೇಲಕ್ಕೆ ಸರಿಸಿ ಪಟ್ಟಿ ಸುತ್ತಿದ್ದರು. ವೈದ್ಯೆ ನೀಲಾಂಬಿಕಾಳನ್ನು ಪಕ್ಕಕ್ಕೆ ಕರೆದು, ಮಗುವಿನ ಎದೆಬಡಿತ ಬೆಳಿಗ್ಗೆಯೇ ನಿಂತಿದೆ, ತಾಯಿಯನ್ನು ಉಳಿಸಿಕೊಳ್ಳಲು ನೋಡುತ್ತಿದ್ದೇವೆ ಎಂದರು. ಆ ದನಿಯಲ್ಲಿ ಭರವಸೆ ಇರಲಿಲ್ಲ.

ನೀಲಾಂಬಿಕಾ ನೇರ ಕಚೇರಿಗೆ ಬಂದಳು. ಗುಪ್ತಪದ ಹಾಕಿ, ಆ ಆಜ್ಞೆಯನ್ನು ಹುಣಸಿಗುಂಡಿಗೆ ಕೊಟ್ಟಳು.

"ಮೇಡಂ, ಇದು ನಿಮ್ಮ ಹೆಸರಲ್ಲಿ ದಾಖಲಾಗುತ್ತೆ," ಅಂದ ಇರ್ಫಾನ್.

"ಆಗಲಿ. ಆರು ತಾಸಿಗೊಮ್ಮೆ ನೆನಪು ಮಾಡು. ಮತ್ತೆ ಕೊಡಬೇಕು."

ಪರದೆಯಲ್ಲಿ ಹುಣಸಿಗುಂಡಿಯ ಚುಕ್ಕೆ ಮೊದಲ ಸಲ ಕೆಂಪಾಯಿತು. ಊರಿನ ನಲ್ಲಿಗಳಲ್ಲಿ ನೀರು ಬಂತು. ಮರುದಿನ ಬೆಳಿಗ್ಗೆ ಹುಲಿಗೆಮ್ಮ ತೀರಿಕೊಂಡಳು. ಆ ಓಣಿಯ ಇನ್ನೊಬ್ಬ ಬಸುರಿ, ಕಲ್ಲು ಹೊರುವವನ ಹೆಂಡತಿ, ಮೂರು ದಿನದ ಮೇಲೆ ತೀರಿಕೊಂಡಳು.

ಹುಲಿಗೆಮ್ಮ ತೀರಿಕೊಂಡ ದಿನ ಮನೆಗೆ ಬಂದ ನೀಲಾಂಬಿಕಾ ಚಪ್ಪಲಿ ಬಿಡದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಜೋಳದ ಹಿಟ್ಟು ನಾದುತ್ತಿದ್ದ ಅಕ್ಕ ಇಡೀ ಮೈ ತಿರುಗಿಸಿ ನೋಡಿದಳು. ತಂಗಿ ಎಲ್ಲವನ್ನೂ ಹೇಳಿದಳು. ನಿಂತ ನೀರು, ಎರಡು ಫೋನು, ಹಿಂದೆ ಬಂದ ಬೆರಳು.

"ಅವತ್ತು ನಿನ್ನ ಬೆನ್ನು ನೆನಪಾತಕ್ಕಾ," ಅಂದಳು.

ಅಕ್ಕ ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿದಳು. ಆಮೇಲೆ ಅಂದಳು. "ನನ್ನ ಬೆನ್ನು ಮೂವತ್ತು ವರ್ಷದ ನೀರು ನೀಲಾ. ನಾಲ್ಕ ಪಟ್ಟು ವಿಷದ್ದು. ಅವರ ಊರಾಗ ಎಷ್ಟಿತ್ತು ಅಂದಿ?"

"ಒಂದು ದಶಾಂಶ ಏಳು."

"ನಮ್ಮೂರಾಗ ಅಂಥಾ ನೀರು ಇದ್ದಿದ್ರ ನಾ ಇವತ್ತಿಗೂ ನೆಟ್ಟಗ ಇರ್ತಿದ್ನಿ." ಅವಳ ದನಿ ಏರಿರಲಿಲ್ಲ. "ನನ್ನ ನೋಡಿ ನೀ ಯಂತ್ರ ಮಾಡಿದಿ ಅಂತ ಎಲ್ಲಾರ ಮುಂದ ಹೇಳ್ಕೋತ ಬಂದೀನಿ. ಇನ್ನ ಹೇಳಂಗಿಲ್ಲ." ಅಷ್ಟು ಹೇಳಿ ಅವಳು ಹಿಟ್ಟಿನ ಕಡೆ ತಿರುಗಿದಳು. ರೊಟ್ಟಿ ಬಡಿಯುವ ಸದ್ದು ಅಂದು ಬಹಳ ಹೊತ್ತಿನವರೆಗೂ ಬರಲಿಲ್ಲ.

ವಿಚಾರಣೆ ನಡೆಯಿತು. ಮೂವರ ಸಮಿತಿ ಯಂತ್ರವನ್ನು ಬಿಚ್ಚಿ ನೋಡಿತು. ಫ್ಲೋರೈಡ್ ಗುರುತಿಸುವ ಹರಳು ಸರಿಯಿತ್ತು, ವಾಲ್ವು ಸರಿಯಿತ್ತು, ಅಂಕಿಗಳೆಲ್ಲ ಸರಿಯಿದ್ದವು. ನಲವತ್ತು ದಿನ ಹುಣಸಿಗುಂಡಿಗೆ ಅಸುರಕ್ಷಿತ ನೀರು ಸರಬರಾಜಾಗಿಲ್ಲ, ಆದ್ದರಿಂದ ಆ ಅವಧಿಯಲ್ಲಿ ನಿಯಮ ಪಾಲನೆ ಶೇಕಡಾ ನೂರು ಎಂದು ವರದಿ ಹೇಳಿತು. ಸಮಿತಿಗೆ ಸಿಕ್ಕ ಉಲ್ಲಂಘನೆ ಒಂದೇ: ನಲವತ್ತನೇ ದಿನ ಅಧಿಕಾರಿಯೊಬ್ಬರು ಅನುಮತಿಯಿಲ್ಲದೆ ವಾಲ್ವು ತೆರೆದದ್ದು.

"ನಿಮ್ಮ ಯಂತ್ರ ಎಲ್ಲಿ ಸೋತಿತು ಅಂತ ನಿಮಗನ್ನಿಸುತ್ತೆ?" ಎಂದು ಸಮಿತಿಯ ಹಿರಿಯರು ಕೇಳಿದರು.

"ಎಲ್ಲೂ ಸೋತಿಲ್ಲ ಸರ್," ಅಂದಳು ನೀಲಾಂಬಿಕಾ. "ನಾನು ಹೇಳಿಕೊಟ್ಟ ಹಾಗೆಯೇ ನಡೆದಿದೆ. ಒಂದು ವಾರದಲ್ಲಿ ಕೊಲ್ಲುವುದಕ್ಕೂ ಇಪ್ಪತ್ತು ವರ್ಷದಲ್ಲಿ ಕೆಡಿಸುವುದಕ್ಕೂ ನಾನು ಒಂದೇ ಬೀಗ ಇಟ್ಟೆ. ನೀರು ನಿಂತರೆ ಜನರ ಬಾಯಾರಿಕೆಯೂ ನಿಲ್ಲುತ್ತದೆ ಅಂದುಕೊಂಡೆ. ಬೀಗ ಬಿದ್ದ ಊರನ್ನು ಹಸಿರು ತೋರಿಸಿದವಳೂ ನಾನೇ. ಇದನ್ನೆಲ್ಲ ಬರೆದುಕೊಳ್ಳಿ."

ಅವರು ಬರೆದುಕೊಂಡರೋ ಇಲ್ಲವೋ ತಿಳಿಯದು. ಅವಳನ್ನು ಹಳೆಯ ಪ್ರಯೋಗಾಲಯಕ್ಕೆ ಹಿಂದಕ್ಕೆ ಕಳಿಸಿದರು. ಅಲ್ಲಿಂದಲೇ ಅವಳು ಒಂದೂವರೆ ವರ್ಷ ಪತ್ರ ಬರೆದಳು. ಇರ್ಫಾನ್ ಬೀಗ ಬಿದ್ದ ಊರುಗಳ ದಿನಗಳನ್ನೂ ಆ ದಿನಗಳ ಆಸ್ಪತ್ರೆಯ ಲೆಕ್ಕವನ್ನೂ ಒಂದರ ಪಕ್ಕ ಒಂದು ಇಟ್ಟು ಅವಳಿಗೆ ಕಳಿಸುತ್ತಿದ್ದ. ಹುಣಸಿಗುಂಡಿಯೊಂದೇ ಅಲ್ಲ, ಇನ್ನೂ ಏಳು ಊರುಗಳಲ್ಲಿ ಅದೇ ನಡೆದಿತ್ತು. ಸಾವು ಆಗದೆ ಇದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊನೆಗೆ ನಿಯಮ ಬದಲಾಯಿತು. ಮಲದ ಬ್ಯಾಕ್ಟೀರಿಯ ಕಂಡರೆ ಮಾತ್ರ ವಾಲ್ವು ತಾನಾಗಿ ಬೀಳಬೇಕು. ಫ್ಲೋರೈಡಿನಂಥ ನಿಧಾನದ ವಿಷ ಸ್ವಲ್ಪ ಹೆಚ್ಚಾದರೆ ಟ್ಯಾಂಕಿನ ಮೇಲೆ ಹಲಗೆ ಹಾಕಿ ತಿಳಿಸಬೇಕು, ನೀರು ಹರಿಯುತ್ತಿರಬೇಕು, ತೊಂಬತ್ತು ದಿನದೊಳಗೆ ಫಿಲ್ಟರ್ ಸರಿಯಾಗಬೇಕು. ಬದಲಿ ನೀರು ಬಾರದೆ ಯಾವ ಊರಿಗೂ ಬೀಗ ಬೀಳಬಾರದು. ಬೀಗ ಬಿದ್ದ ಒಂದೊಂದು ದಿನವೂ ಕೆಂಪಾಗಿಯೇ ಕಾಣಬೇಕು.

ನಿಯಮ ಜಾರಿಯಾದ ತಿಂಗಳು ನೀಲಾಂಬಿಕಾ ಹುಣಸಿಗುಂಡಿಗೆ ಹೋದಳು. ಹೋಗಬೇಕೆಂದು ಅಂದುಕೊಂಡು ಹಲವು ಸಲ ಬಸ್ ನಿಲ್ದಾಣದವರೆಗೆ ಬಂದು ವಾಪಸಾಗಿದ್ದಳು. ಕ್ವಾರಿಯ ಗುಂಡಿಗೆ ತಂತಿಬೇಲಿ ಹಾಕಿದ್ದರು. ಯಮನೂರಪ್ಪ ಇನ್ನೂ ಅದೇ ಕೆಲಸದಲ್ಲಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳಿಗೆ ಟ್ಯಾಂಕಿನ ನೆರಳಿನಲ್ಲಿ ಗೋಣಿತಟ್ಟು ಹಾಸಿ ಕೂರಿಸಿ, ತಾನು ಎದುರು ಕುಕ್ಕರಗಾಲಲ್ಲಿ ಕೂತ.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತುಹೋಯಿತು. ನಿಯಮ ಬದಲಾದದ್ದನ್ನು ಹೇಳಿದಳು. ಅವನು ಕೇಳಿಸಿಕೊಂಡ. ಗಾಳೆಮ್ಮ ಹೇಗಿದ್ದಾಳೆಂದು ಕೇಳಿದಳು.

"ಅದಾಳ್ರಿ. ಮಾತ ಕಡಿಮಿ ಮಾಡ್ಯಾಳ. ನಾ ವಾಲ್ವ್ ಒಡೀಲಿಲ್ಲಂತ ಆಕಿಗೆ ನನ್ನ ಮ್ಯಾಲ ಸಿಟ್ಟು. ಬಾಯಿ ಬಿಟ್ಟು ಅಂದಿಲ್ಲ."

"ತಪ್ಪು ನನ್ನದು ಯಮನೂರಪ್ಪ. ನಿಮ್ಮದಲ್ಲ."

ಅವನು ಮೂರು ಬೆರಳಿನ ಕೈಯಿಂದ ನೆಲದ ಹರಳುಗಳನ್ನು ಪಕ್ಕಕ್ಕೆ ಸರಿಸುತ್ತ ಕೂತಿದ್ದ. ಆಮೇಲೆ ತಲೆ ಎತ್ತಿದ.

"ಒಂದ ಮಾತ ಕೇಳ್ತೀನ್ರಿ. ಖರೇನ ಹೇಳ್ರಿ. ಹುಲಿಗೆಮ್ಮ ಆ ನಲವತ್ತ ದಿನ ನಮ್ಮ ಟ್ಯಾಂಕಿನ ನೀರ ಕುಡದಿದ್ರ, ಆ ಹೆಚ್ಚಿದ್ದ ನೀರು, ಆಕಿಗೆ ಏನ ಆಗ್ತಿತ್ರಿ?"

ನೀಲಾಂಬಿಕಾಳಿಗೆ ಉತ್ತರ ಗೊತ್ತಿತ್ತು. ಅದು ಯಾವ ಪ್ರಯೋಗಾಲಯವೂ ಬೇಕಿಲ್ಲದ ಉತ್ತರ, ರಸಾಯನಶಾಸ್ತ್ರ ಓದಿದ ಯಾರಿಗಾದರೂ ಗೊತ್ತಿರುವಂಥದು.

"ಏನೂ ಆಗ್ತಿರಲಿಲ್ಲ," ಅಂದಳು.

"ಮಗೂಗೆ?"

"ಮಗೂಗೂ ಏನೂ ಆಗ್ತಿರಲಿಲ್ಲ."

ಅವನು ನಿಧಾನವಾಗಿ ತಲೆ ತೂಗಿದ. ಸಿಟ್ಟು ಅವನ ಮುಖದಲ್ಲಿ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

"ಅವತ್ತ ನಾ ಫೋನಿನ್ಯಾಗ ಕೇಳಿದ್ದು ಅದನ್ನ ರೀ," ಅಂದ. "ಭಾಳ ಹೆಚ್ಚೇನ್ರಿ ಅಂತ ಕೇಳಿದ್ದೆ. ಇಷ್ಟ ಹೇಳಿದ್ರ ಸಾಕಿತ್ತು. ಹಾರಿಕೋಲು ಮನ್ಯಾಗ ಇತ್ತು."

ಓಣಿಯ ಹೆಂಗಸರು ಕೊಡ ಹಿಡಿದು ನಲ್ಲಿಗಳ ಮುಂದೆ ಸೇರತೊಡಗಿದ್ದರು. ಯಾರೋ ಅವನ ಹೆಸರು ಕೂಗಿದರು. ಯಮನೂರಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದ. "ನೀರ ಬಿಡೂ ಹೊತ್ತಾತ್ರಿ," ಅಂದು ಟ್ಯಾಂಕಿನ ಹಿಂದಕ್ಕೆ ನಡೆದ. ನೀಲಾಂಬಿಕಾ ಅಲ್ಲೇ ಕೂತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಕೊಳವೆಯೊಳಗೆ ನೀರು ಇಳಿಯುವ ಸದ್ದು ಕೇಳಿಸಿತು.